ನಾಲ್ಕು ಗೋಡೆಯೊಳಗಿನ ಅಳು

ಮಗಳನ್ನು ಮಣ್ಣು ಮಾಡಿ ಬಂದ ಮೇಲೂ ಇಡೋನಿಯಾ ಒಡತಿಯ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲವೆಂದು ಎಲ್ಮರ್ಬಿಯ ಜನ ಆಡಿಕೊಂಡರು. ಆಡಿಕೊಳ್ಳಲಿ. ಗಂಡ ಸತ್ತಾಗಲೂ ಅವಳು ಅತ್ತಿರಲಿಲ್ಲ. ಮೂರು ಊರಿನ ಒಡೆತನ, ಗುಡ್ಡದ ತುಂಬ ಕುರಿ, ಹೊಳೆಯ ಮೇಲೆ ಗಿರಣಿ ಇರುವ ವಿಧವೆ ಜನರೆದುರು ಅತ್ತಳೆಂದರೆ ಮುಗಿಯಿತು. ಮಾರನೆಯ ದಿನವೇ ಯಾವನೋ ಒಬ್ಬ ಸರದಾರ ಸಮಾಧಾನ ಹೇಳುವ ನೆಪದಲ್ಲಿ ಕುದುರೆ ಕಟ್ಟಿ ಒಳಗೆ ಬರುತ್ತಾನೆ, ಹೋಗುವಾಗ ಮದುವೆಯ ಮಾತೆತ್ತುತ್ತಾನೆ. ಅಂಥವರನ್ನು ಅವಳು ವರ್ಷಗಟ್ಟಲೆ ಹೊಸಿಲಿನಿಂದಲೇ ಸಾಗಹಾಕಿದ್ದಳು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಇದ್ದ ಹಾಗೆ ಮುಖದ ಮೇಲೆ ಆ ಬಿಗುವು ಸದಾ ಇರುತ್ತಿತ್ತು.

ಮೂರು ಊರುಗಳಲ್ಲಿ ಎರಡು ಗಂಡನ ಕಡೆಯವು. ಅವಳು ಬದುಕಿರುವ ತನಕ ಅನುಭವಿಸಬಹುದು, ಆಮೇಲೆ ಅವು ಗಂಡನ ಮೊದಲ ಹೆಂಡತಿಯ ಮಗನಿಗೆ ಹೋಗುವಂಥವು. ಎಲ್ಮರ್ಬಿ ಹಾಗಲ್ಲ. ಅದು ಅವಳ ಅಪ್ಪನದು. ಅವಳು ಹುಟ್ಟಿದ್ದು ಆ ಮನೆಯ ಮೇಲಿನ ಕೋಣೆಯಲ್ಲಿ, ಬಿದ್ದು ಮಂಡಿ ತರಚಿಕೊಂಡು ನಡೆಯಲು ಕಲಿತದ್ದು ಹಿಂದಿನ ಓಕ್ ತೋಪಿನಲ್ಲಿ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು ಸಿಸಿಲಿಯನ್ನು ವಾರಿನ್ ಎಂಬ ಸರದಾರನಿಗೆ ಕೊಟ್ಟಾಗ ಈ ಊರನ್ನೇ ಬಳುವಳಿಯಾಗಿ ಕೊಟ್ಟಿದ್ದಳು, ಆಡಳಿತ ಮಾತ್ರ ಇನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಳು. ಈಗ ಸಿಸಿಲಿ ಇಲ್ಲ. ಊರು ಯಾರದು ಎಂಬ ಪ್ರಶ್ನೆ ಮಾತ್ರ ಉಳಿದಿತ್ತು.

ದೇಶದ ಕಟ್ಟಳೆ ಹೀಗಿದೆ. ಬಳುವಳಿ ಪಡೆದ ಹೆಣ್ಣು ಮಕ್ಕಳಿಲ್ಲದೆ ಸತ್ತರೆ ಊರು ತವರಿಗೆ ವಾಪಸು. ಆದರೆ ಅವಳಿಗೆ ಒಂದು ಕೂಸು ಜೀವಂತ ಹುಟ್ಟಿದ್ದರೆ, ಅದು ಒಂದೇ ಗಳಿಗೆ ಬದುಕಿ ಸತ್ತಿದ್ದರೂ, ಗಂಡ ತಾನು ಸಾಯುವವರೆಗೆ ಊರನ್ನು ಇಟ್ಟುಕೊಳ್ಳಬಹುದು. ಕೂಸು ಬದುಕಿತ್ತು ಅನ್ನುವುದಕ್ಕೆ ಗುರುತು ಒಂದೇ: ಅದು ನಾಲ್ಕು ಗೋಡೆಯೊಳಗೆ ಅತ್ತದ್ದು ಕೇಳಿಸಿರಬೇಕು. ಅದೂ ಗಂಡಸಿನ ಕಿವಿಗೆ. ಹೆರಿಗೆಯ ಕೋಣೆಗೆ ಗಂಡಸು ಕಾಲಿಡುವಂತಿಲ್ಲ, ಒಳಗಿದ್ದ ಹೆಂಗಸರು ನ್ಯಾಯದ ಮುಂದೆ ಸಾಕ್ಷಿ ಹೇಳುವಂತಿಲ್ಲ. ಈ ಕಟ್ಟಳೆ ಮಾಡಿದ ಮಹಾನುಭಾವರು ಯಾರೋ ಗೊತ್ತಿಲ್ಲ. ಅವರಲ್ಲಿ ಹೆತ್ತವರಂತೂ ಯಾರೂ ಇರಲಿಲ್ಲ.

ಕೂಸು ಅತ್ತಿತ್ತು. ಇಡೋನಿಯಾ ಕೇಳಿದ್ದಳು.

ಹೆರಿಗೆಗೆಂದು ಎಲ್ಮರ್ಬಿಗೆ ಬಂದಿದ್ದ ಸಿಸಿಲಿಗೆ ನೋವು ಹತ್ತಿ ಎರಡನೆಯ ಹಗಲು ಮುಗಿಯುತ್ತ ಬಂದಿತ್ತು. ಸೂಲಗಿತ್ತಿ ಗುನ್ನಿಲ್ಡ್ ಮನೆಯಲ್ಲಿದ್ದ ಗಂಟುಗಳನ್ನೆಲ್ಲ ಬಿಚ್ಚಿಸಿದಳು. ಹೆಂಗಸರ ಜಡೆ, ಪರದೆಯ ಹಗ್ಗ, ಕಾಳಿನ ಚೀಲದ ಬಾಯಿ, ಒಂದನ್ನೂ ಬಿಡಲಿಲ್ಲ. ಪೆಟ್ಟಿಗೆಗಳ ಮುಚ್ಚಳ ತೆರೆಸಿದಳು. ಆದರೂ ಕೂಸು ಹೊರಗೆ ಬರಲೊಲ್ಲದು. ಆಗ ಇಡೋನಿಯಾಗೆ ಇನ್ನೊಂದು ಹಳೆಯ ಪದ್ಧತಿ ನೆನಪಾಯಿತು. ಕಿಟಕಿಯಿಂದ ಕೂಗಿ, ಅಂಗಳದಾಚೆಯ ಇಗರ್ಜಿಯಲ್ಲಿ ಗಂಟೆ ಹೊಡೆಯಲು ಹೇಳಿದಳು. ಅವಳೇ ಗಂಡನ ಹೆಸರಲ್ಲಿ ಮಾಡಿಸಿಕೊಟ್ಟ ದೊಡ್ಡ ಗಂಟೆ ಅದು. ನಿಲ್ಲಿಸು ಅನ್ನುವವರೆಗೆ ಹೊಡೆಯುತ್ತಲೇ ಇರು ಎಂದಿದ್ದಳು.

ಗಂಟೆ ಮೊಳಗುತ್ತಿದ್ದಾಗ ಕೂಸಿನ ತಲೆ ಕಂಡಿತು. ಮುಖ ನೀಲಿಗಟ್ಟಿತ್ತು. ಇದು ಉಳಿಯುವುದಿಲ್ಲ ಎಂದು ಗುನ್ನಿಲ್ಡ್‌ಗೆ ಗೊತ್ತಾಗಿ ಹೋಯಿತು. ಪಾದ್ರಿ ಬರುವಷ್ಟು ಪುರಸೊತ್ತಿಲ್ಲದಾಗ ಸೂಲಗಿತ್ತಿಯೇ ಹೆಸರಿಟ್ಟು, ಕೂಸನ್ನು ದೇವರಿಗೆ ಸೇರಿಸುವ ದೀಕ್ಷೆಯ ನೀರು ಹಾಕಬಹುದು. ಗಂಡೋ ಹೆಣ್ಣೋ ನೋಡುವಷ್ಟೂ ತಾಳದೆ ಅವಳು ಬಾಯಿಗೆ ಬಂದ ಹೆಸರು ಹಿಡಿದು, 'ಜಾನ್' ಎಂದು ನೀರು ಸುರಿದಳು. ಆಮೇಲೆ ಮೈಯೆಲ್ಲ ಹೊರಬಂತು. ಹೆಣ್ಣು. ತಣ್ಣೀರು ತಾಗಿದ್ದಕ್ಕೋ ಏನೋ, ಅದು ಒಂದು ಸಲ ಅತ್ತಿತು. ಒಂದೇ ಸಲ. ಸಿಸಿಲಿ ಅದನ್ನು ಕೇಳಿ ಅತ್ತ ತಿರುಗಿದಳು. ಮಗಳ ಮುಖದಲ್ಲಿ ಆಗ ಬಂದ ಬೆಳಕು ಇಡೋನಿಯಾಳ ಕಣ್ಣಿಂದ ಇನ್ನೂ ಹೋಗಿಲ್ಲ. ಕತ್ತಲಾಗುವುದರೊಳಗೆ ಇಬ್ಬರೂ ಇರಲಿಲ್ಲ. ತಾಯಿಯ ತೋಳಿನಲ್ಲಿ ಮಗುವನ್ನಿಟ್ಟು, ಒಂದೇ ಬಟ್ಟೆ ಸುತ್ತಿ, ಇಗರ್ಜಿಯೊಳಗೆ ಸಿಸಿಲಿಯ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ. ಪಾದ್ರಿ ಜಾನ್ ಎಂದೇ ಪ್ರಾರ್ಥನೆ ಹೇಳಿದರು. ಅಳಿಯ ವಾರಿನ್ ಬಂದದ್ದು ಎಲ್ಲ ಮುಗಿದ ಮೇಲೆ.

ಅವನು ಬಂದವನೇ ಕೇಳಿದ ಮೊದಲ ಮಾತು, "ಅತ್ತೆ, ಕೂಸು ಅತ್ತಿತ್ತಾ?"

ಹೆಂಡತಿ ಹೇಗೆ ಸತ್ತಳು ಅಂತ ಕೇಳಲಿಲ್ಲ ಪುಣ್ಯಾತ್ಮ. ಇಡೋನಿಯಾ ಅವನ ಮುಖವನ್ನೇ ನೋಡಿ, ಉತ್ತರ ಕೊಡದೆ ಎದ್ದು ಹೋದಳು. ಆ ಮೌನದಲ್ಲೇ ಜಗಳ ಶುರುವಾಯಿತು. ಎಲ್ಮರ್ಬಿ ನನ್ನದು ಎಂದು ಅವನು, ನನ್ನದು ಎಂದು ಅವಳು. ತೀರ್ಮಾನ ಮಾಡಲು ರಾಜನ ಅಧಿಕಾರಿಯೊಬ್ಬ ಬರುವುದೆಂದೂ, ಸುತ್ತಲಿನ ಹನ್ನೆರಡು ಜನ ದೊಡ್ಡ ಮನುಷ್ಯರು ಆಣೆಯಿಟ್ಟು ಹೇಳುವುದೆಂದೂ ಗೊತ್ತಾಯಿತು.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಅವಳು ಊಟದ ಮುಂದೆ ಕೂತಿದ್ದಳು. ಮಾಂಸ ಮುಟ್ಟದ ಉಪವಾಸದ ತಿಂಗಳು; ತಟ್ಟೆಯಲ್ಲಿ ಒಣಮೀನು, ಬಾರ್ಲಿ ರೊಟ್ಟಿ. ಮನೆಯ ಪಾರುಪತ್ಯಗಾರ ಹೇಮೋ ಎದುರಿಗೆ ಬಂದು ನಿಂತ. ಹೆರಿಗೆಯ ಹೊತ್ತಿಗೆ ಬಿಸಿನೀರಿನ ಕೊಡ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದವನು ಅವನು. ಕೋಣೆಗೆ ಅಷ್ಟು ಹತ್ತಿರವಿದ್ದ ಗಂಡಸು ಬೇರೆ ಯಾರೂ ಇಲ್ಲ.

"ಅಮ್ಮಾವ್ರೇ, ನಾಳೆ ನನ್ನನ್ನೇ ಕರೀತಾರೆ."

"ಕರೀಲಿ. ಆಣೆ ಮೇಲೆ ನಿಜ ಹೇಳು."

"ನಿಜ ಹೇಳೋದಾದ್ರೆ ನಂಗೆ ಕೇಳ್ಸಿದ್ದು ಗಂಟೆ ಸದ್ದು. ಬೇರೇನೂ ಇಲ್ಲ. ಕಿವಿ ಗುಂಯ್ ಅಂತಿತ್ತು. ಮಗು ಅತ್ತಿದ್ರೂ ಕೇಳ್ಸೋ ಹಂಗಿರ್ಲಿಲ್ಲ."

ಅವಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಗಂಟೆ ಹೊಡೆಸಿದವಳು ಅವಳೇ. ಮಗಳ ನೋವು ಇಳಿಯಲೆಂದು ಹೊಡೆಸಿದ ಗಂಟೆ ಮೊಮ್ಮಗಳ ಒಂದೇ ಒಂದು ಅಳುವನ್ನು ನುಂಗಿಹಾಕಿತ್ತು, ಜೊತೆಗೆ ಎಲ್ಮರ್ಬಿಯನ್ನು ಉಳಿಸಿಕೊಟ್ಟಿತ್ತು. ಇದಕ್ಕೆ ದೇವರನ್ನು ವಂದಿಸಬೇಕೋ ಬಯ್ಯಬೇಕೋ ಅವಳಿಗೆ ತಿಳಿಯಲಿಲ್ಲ.

"ಊರಲ್ಲೆಲ್ಲ ಮೇಣದಬತ್ತಿ ಹಚ್ತಿದಾರೆ ಅಮ್ಮಾವ್ರೇ," ಹೇಮೋ ದನಿ ತಗ್ಗಿಸಿದ. "ಯಾರಿಗೂ ಏನೂ ಕೇಳಿಸ್ದೇ ಇರ್ಲಪ್ಪಾ ಅಂತ. ಅಳಿಯಂದ್ರು ಅವ್ರ ಊರಲ್ಲಿ ಮಾಡಿರೋದು ಗೊತ್ತಲ್ಲ. ಕಾಡು ಬೋಳು, ಕೊಟ್ಟಿಗೆ ಖಾಲಿ. ಆ ಊರಿನ ಇಲಿನೂ ಗುಳೆ ಹೋಗಿದಾವಂತೆ."

"ಸಾಕು, ಹೋಗು. ನೀನು ಸುಳ್ಳೇನೂ ಹೇಳ್ಬೇಕಾಗಿಲ್ವಲ್ಲ."

"ಇಲ್ಲ. ಅದೇ ನನ್ನ ಪುಣ್ಯ," ಎಂದು ಹೇಮೋ ಹೋದ.

ಸುಳ್ಳು ಹೇಳಬೇಕಾದವರು ಯಾರೂ ಇರಲಿಲ್ಲ. ಅದೇ ಅವಳಿಗೆ ದೊಡ್ಡ ಸಮಾಧಾನ. ಅವಳನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದಾಗ ಬಾಯಿ ಮುಚ್ಚಿಕೊಂಡಿರುವುದು ಪಾಪವೇನಲ್ಲ. ನೂರಾರು ಜನರ ಅನ್ನ ಉಳಿಯುತ್ತದೆ. ಅಪ್ಪನ ತೋಪು ಉಳಿಯುತ್ತದೆ. ಹೀಗೆ ಲೆಕ್ಕ ಹಾಕಿ ಮನಸ್ಸನ್ನು ಒಂದು ಹದಕ್ಕೆ ತರುವಷ್ಟರಲ್ಲಿ ಪಾದ್ರಿ ಆಸ್ಬರ್ಟ್ ಬಂದರು, ಹಿಂದೆಯೇ ಗುನ್ನಿಲ್ಡ್. ಅವಳ ಮುಖ ಅತ್ತು ಅತ್ತು ಊದಿಕೊಂಡಿತ್ತು.

ಪಾದ್ರಿ ಕೆಟ್ಟವರಲ್ಲ. ಕಟ್ಟಳೆಗೆ ಹೆದರುವ ಮನುಷ್ಯ, ಅಷ್ಟೇ. ಅವರು ಕೂತುಕೊಳ್ಳಲೂ ಇಲ್ಲ.

"ಅಮ್ಮಾ, ನಾಳೆ ಆ ಹನ್ನೆರಡು ಜನ ಕೂಸು ಅಳ್ಲಿಲ್ಲ ಅಂದ್ರೆ, ಅದು ಸತ್ತೇ ಹುಟ್ತು ಅಂತಾಯ್ತು. ಸತ್ತ ಕೂಸಿಗೆ ಹಾಕಿದ ನೀರು ದೀಕ್ಷೆ ಅಲ್ಲ. ದೀಕ್ಷೆ ಇಲ್ಲದ ಕೂಸನ್ನ ನಾನು ಇಗರ್ಜಿ ಮಣ್ಣಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಬಿಷಪ್ಪರ ಕಡೆಯವರು ಆಗ್ಲೇ ಹೇಳಿ ಕಳಿಸಿದಾರೆ."

"ಅಂದ್ರೆ?"

ಪಾದ್ರಿ ನೆಲ ನೋಡಿದರು. "ಅಂದ್ರೆ ತೆಗೀಬೇಕು. ಸಿಸಿಲಮ್ಮನವರು ಅಲ್ಲೇ ಇರ್ತಾರೆ. ಕೂಸನ್ನ ಮಾತ್ರ ಬೇಲಿ ಆಚೆ..."

ಬೇಲಿ ಆಚೆ ಅಂದರೆ ಉತ್ತರದ ಹಳ್ಳ. ನೇಣು ಹಾಕಿಕೊಂಡವರನ್ನೂ ಹೆಸರಿಲ್ಲದ ಅಲೆಮಾರಿಗಳನ್ನೂ ಹಾಕುವ ಜಾಗ. ನರಿ ಕೆದರುವ ಜಾಗ.

ಗುನ್ನಿಲ್ಡ್ ತಡೆಯಲಾರದೆ ಅವಳ ಕಾಲ ಬಳಿ ಕುಸಿದಳು. "ಅವ್ವಾ, ನಾನು ಹೆಣಕ್ಕೆ ನೀರು ಹಾಕಿದ್ನಂತೆ! ದೇವ್ರನ್ನ ಗೇಲಿ ಮಾಡಿದ್ನಂತೆ! ನೀನೂ ಇದ್ದಲ್ಲವ್ವಾ ಪಕ್ಕದಾಗೆ. ಅತ್ತಿದ್ದು ನೀನೂ ಕೇಳಿದ್ಯಲ್ಲ. ಇಲ್ಲಾ ನಂಗೇ ತಲೆ ಕೆಟ್ಟಿತ್ತಾ? ಅದೊಂದು ಹೇಳ್ಬಿಡು, ನಿನ್ನ ದಮ್ಮಯ್ಯ."

ಇಡೋನಿಯಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಪಾದ್ರಿ ಅವಳ ಬಾಯನ್ನೇ ನೋಡುತ್ತಿದ್ದರು.

"ನಾಳೆ ವಿಚಾರಣೆ ಆಗ್ಲಿ ಗುನ್ನಿಲ್ಡ್," ಅಂದಳು ಅವಳು. "ಈಗ ಮನೆಗೆ ಹೋಗು."

ಗುನ್ನಿಲ್ಡ್ ಎದ್ದಳು. "ನಿನ್ನ ಹೆತ್ತಾಗ ನಿಮ್ಮವ್ವಂಗೆ ಸೂಲಗಿತ್ತಿ ಆಗಿದ್ದು ನಮ್ಮವ್ವ," ಎಂದಷ್ಟೇ ಹೇಳಿ ಹೊರಟುಹೋದಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಮಾರನೆಯ ಬೆಳಿಗ್ಗೆ ಮನೆಯ ದೊಡ್ಡ ಪಡಸಾಲೆ ಜನರಿಂದ ತುಂಬಿತು. ರಾಜನ ಅಧಿಕಾರಿ ಮೇಜಿನ ಹಿಂದೆ ಕೂತ. ನೆಗಡಿಯಾಗಿ ಮೂಗು ಕೆಂಪಾಗಿದ್ದ, ಬೇಗ ಮುಗಿಸಿ ಊರು ಸೇರಿದರೆ ಸಾಕಾಗಿದ್ದ ಮನುಷ್ಯ. ಪಕ್ಕದಲ್ಲಿ ಬರೆದುಕೊಳ್ಳುವವನು. ಒಂದು ಗೋಡೆಗೆ ಒರಗಿದಂತೆ ಹನ್ನೆರಡು ಜನ, ಅವರ ಮುಂದಾಳು ಗಿರಣಿಯ ಮುದುಕ ತರ್ಸ್ಟನ್. ಇಡೋನಿಯಾಗೆ ಗೌರವಕ್ಕೆಂದು ಒಂದು ಕುರ್ಚಿ ಹಾಕಿದ್ದರು. ಗೌರವ ಕುರ್ಚಿಯ ಮಟ್ಟಿಗೆ ಮಾತ್ರ. ಹೆಂಗಸರೆಲ್ಲ ಬಾಗಿಲ ಹೊರಗೆ ನಿಂತಿದ್ದರು, ಅವರೊಳಗೆ ಗುನ್ನಿಲ್ಡ್.

ವಾರಿನ್ ಮೊದಲು ತನ್ನ ಸಾಕ್ಷಿಯನ್ನು ಕರೆತಂದ. ಅವನ ಊರಿನ ಹಂದಿ ಕಾಯುವವನು. ಆ ದಿನ ಏನೋ ಕೆಲಸಕ್ಕೆ ಎಲ್ಮರ್ಬಿಗೆ ಬಂದಿದ್ದನಂತೆ, ಹಂದಿಗೂಡಿನ ಹತ್ತಿರ ನಿಂತಿದ್ದನಂತೆ, ಕೂಸಿನ ಅಳು ಸ್ಪಷ್ಟವಾಗಿ ಕೇಳಿಸಿತಂತೆ.

ತರ್ಸ್ಟನ್ ತಲೆ ಕೆರೆದುಕೊಂಡ. "ಅಲ್ಲಪ್ಪಾ, ಹಂದಿಗೂಡು ತೋಪಿನ ಆ ಕಡೆ. ಗಂಟೆ ಬೇರೆ ಹೊಡೀತಿತ್ತು. ಅಲ್ಲಿಗೆ ಕೇಳಿಸ್ತು ಅಂದ್ರೆ ಕೂಸು ಅತ್ತಿದ್ದೋ, ಇಲ್ಲಾ ನಿನ್ನ ಹಂದಿ ಈದಿದ್ದೋ?"

ಪಡಸಾಲೆ ಗೊಳ್ಳೆಂದಿತು. ಅಧಿಕಾರಿಯೂ ಮೂಗು ಒರೆಸಿಕೊಳ್ಳುವ ನೆಪದಲ್ಲಿ ನಕ್ಕ. ವಾರಿನ್‌ನ ಕಿವಿ ಕೆಂಪಾಯಿತು. ಹಂದಿ ಕಾಯುವವನು ಬಂದ ದಾರಿಯಲ್ಲೇ ನುಸುಳಿಕೊಂಡು ಹೋದ.

ಆಮೇಲೆ ಹೇಮೋ. ಪವಿತ್ರ ಗ್ರಂಥದ ಮೇಲೆ ಕೈಯಿಟ್ಟು, ಮೆಟ್ಟಿಲ ಬುಡದಲ್ಲಿ ನಿಂತಿದ್ದೆ, ಗಂಟೆಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ ಎಂದ. ಅವನು ಸುಳ್ಳು ಹೇಳುವವನಲ್ಲವೆಂದು ಹನ್ನೆರಡು ಜನಕ್ಕೂ ಗೊತ್ತಿತ್ತು. ಬೇರೆ ಯಾರಾದರೂ ಗಂಡಸರು ಕೇಳಿದ್ದೀರಾ ಎಂದು ಅಧಿಕಾರಿ ಸುತ್ತ ನೋಡಿದ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಇಡೋನಿಯಾ ಮಡಿಲಲ್ಲಿ ಕೈ ಕಟ್ಟಿಕೊಂಡು, ಎದುರಿನ ಗೋಡೆ ನೋಡುತ್ತ ಕೂತಿದ್ದಳು. ಇನ್ನು ಸ್ವಲ್ಪ ಹೊತ್ತು, ಅಷ್ಟೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹನ್ನೆರಡು ಜನ ತಲೆಗೆ ತಲೆ ಸೇರಿಸಿ ಮಾತಾಡಿಕೊಂಡರು. ತರ್ಸ್ಟನ್ ಮುಂದೆ ಬಂದ. "ಕೂಸು ಅತ್ತಿದ್ದು ಯಾರಿಗೂ ಕೇಳ್ಸಿಲ್ಲ, ಬುದ್ಧಿ."

"ಸರಿ," ಎಂದು ಅಧಿಕಾರಿ ಬರೆಯುವವನ ಕಡೆ ತಿರುಗಿದ. "ಬರ್ಕೋ. ಸಿಸಿಲಿ ಸಂತಾನವಿಲ್ಲದೆ ಸತ್ತಳು. ಅವಳಿಗೆ ಮಗು ಅನ್ನೋದು ಆಗಲೇ ಇಲ್ಲ."

ಆಗಲೇ ಇಲ್ಲ.

ಎರಡು ಹಗಲು ಹಾಸಿಗೆಯ ಅಂಚು ಹಿಡಿದು ಹಲ್ಲು ಕಚ್ಚಿದ ಹುಡುಗಿ. ಆ ಸಣ್ಣ ದನಿ ಕೇಳಿ ಮುಖ ತಿರುಗಿಸಿ, "ಅಮ್ಮಾ, ನಂದೇ ಅಲ್ವಾ?" ಅಂದ ಹುಡುಗಿ. ಆಗಲೇ ಇಲ್ಲವಂತೆ. ಬರೆಯುವವನ ಗರಿ ಮಸಿಗೆ ಇಳಿದದ್ದು ಕಂಡಿತು. ಊರು, ತೋಪು, ಅಪ್ಪ, ರೈತರು, ನಿನ್ನೆಯಿಂದ ಪೇರಿಸಿಟ್ಟುಕೊಂಡ ನೆಪಗಳೆಲ್ಲ ಒಟ್ಟಿಗೆ ಜಾರಿದವು.

"ಬರೀಬೇಡ," ಎಂದು ಅವಳು ಎದ್ದು ನಿಂತಳು. "ಕೂಸು ಅತ್ತಿತ್ತು. ನಾನು ಕೇಳಿದೀನಿ."

ಹೇಮೋ ಕಣ್ಣು ಮುಚ್ಚಿಕೊಂಡ. ಅಧಿಕಾರಿಗೆ ಸಿಟ್ಟು ಬಂತು. ಊಟದ ಹೊತ್ತಿಗೆ ಮುಗಿಯುತ್ತಿದ್ದ ಕೆಲಸ.

"ಅಮ್ಮಾವ್ರೇ, ಹೆಂಗಸರ ಸಾಕ್ಷಿ ತಗೊಳ್ಳೋ ಹಾಗಿಲ್ಲ. ಅಲ್ದೆ ನೀವು ಗೆದ್ದಿದೀರಿ. ನಿಮ್ಮ ಬಾಯಿಂದ್ಲೇ ನಿಮ್ಮ ಊರು ಕಳ್ಕೋತೀರಾ? ಕೂತ್ಕೊಳ್ಳಿ."

ವಾರಿನ್ ಬಿಡುತ್ತಾನೆಯೇ? ಒಂದೇ ನೆಗೆತಕ್ಕೆ ಮೇಜಿನ ಮುಂದೆ ಬಂದಿದ್ದ. "ಸಾಕ್ಷಿ ಅಲ್ಲ ಸ್ವಾಮಿ, ಇದು ಒಪ್ಪಿಗೆ! ಎದುರು ಪಕ್ಷದವರೇ ಒಪ್ಕೊಂಡ್ರು. ನನ್ನ ಮಗ ಜಾನ್ ಅತ್ತ ಅಂತ ಅವ್ರೇ ಹೇಳಿದ್ರು, ಎಲ್ಲಾ ಕೇಳಿದೀರಿ."

"ಮಗ ಅಲ್ಲ ವಾರಿನ್," ಎಂದಳು ಇಡೋನಿಯಾ. "ಹೆಣ್ಣು ಕೂಸು. ಗುನ್ನಿಲ್ಡ್ ತಲೆ ಮಾತ್ರ ನೋಡಿ ಜಾನ್ ಅಂತ ನೀರು ಹಾಕಿದ್ಲು. ನೀನು ಒಂದು ದಿನ ಕೇಳಿದ್ರೆ ಹೇಳ್ತಿದ್ದೆ."

ವಾರಿನ್ ಒಂದು ಹೆಜ್ಜೆ ಹಿಂದೆ ಸರಿದ. ಯಾರೂ ಅವನ ಕಡೆ ನೋಡಲಿಲ್ಲ.

ಒಂದು ವಿಷಯ ಹೇಳಲೇಬೇಕು. ಹೆಂಗಸಿನ ಕಿವಿಗೆ ಬೆಲೆಯಿಲ್ಲ ಎಂದ ನ್ಯಾಯಕ್ಕೆ, ಅದೇ ಹೆಂಗಸು ತನ್ನದನ್ನು ಕಳೆದುಕೊಳ್ಳುತ್ತೇನೆ ಎಂದಾಗ ಅವಳ ಮಾತು ಥಟ್ಟನೆ ಪಥ್ಯವಾಯಿತು. ಅಧಿಕಾರಿ ಗಡ್ಡ ನೀವಿಕೊಂಡು ಯೋಚಿಸಿದ. ಆದರೂ ಕಟ್ಟಳೆಯ ಮನುಷ್ಯನಲ್ಲವೇ, ಒಂದು ಕೊಂಕು ಹುಡುಕಿದ.

"ಅಳು ಅಂದ್ರೆ ಎಂಥ ಅಳು? ಉಸಿರು ಸಿಕ್ಕೊಂಡು ಗೊರಕ್ ಅನ್ನೋದು ಬೇರೆ, ಅಳೋದು ಬೇರೆ. ಬರೀ ಉಸಿರಾದ್ರೆ ಲೆಕ್ಕಕ್ಕಿಲ್ಲ. ಅದು ಅಳುವೇ ಅಂತ ಇವರು ಹೇಗೆ ನಂಬಬೇಕು?"

ಇಡೋನಿಯಾ ಹನ್ನೆರಡು ಜನರ ಕಡೆ ತಿರುಗಿದಳು. ಅವರಲ್ಲಿ ಅರ್ಧ ಜನರ ಮದುವೆಗೆ ಅವಳು ಉಡುಗೊರೆ ಕಳಿಸಿದ್ದಳು. ಇನ್ನರ್ಧ ಜನ ಅವಳ ಎದುರು ಟೋಪಿ ತೆಗೆಯದೆ ನಿಂತವರಲ್ಲ. ಅವರ ಮುಂದೆ ಆ ಹೆಂಗಸು ತಲೆಯ ಬಿಳಿ ಬಟ್ಟೆಯನ್ನು ಗಲ್ಲದ ಕೆಳಗಿನಿಂದ ಸಡಿಲಿಸಿಕೊಂಡಳು. ಕಣ್ಣು ಮುಚ್ಚಿದಳು. ಬಾಯಿ ತೆರೆದು ಆ ಕೂಸು ಅತ್ತ ಹಾಗೆ ಅತ್ತಳು.

ಸಣ್ಣ ದನಿ. ಮೊದಲು ಒಡೆದು, ಆಮೇಲೆ ಮೇಲಕ್ಕೆ ಎದ್ದು, ಯಾಕೆ ನನ್ನನ್ನು ಇಲ್ಲಿಗೆ ತಂದಿರಿ ಎಂದು ಕೇಳುವ ಹಾಗೆ ಎಳೆದು, ತಟ್ಟನೆ ನಿಂತುಹೋಯಿತು. ಮುದುಕಿಯ ಗಂಟಲಿನಿಂದ ಬಂದದ್ದು ಅಂತ ಅಲ್ಲಿದ್ದವರು ಯಾರೂ ಹೇಳಲಾರರು. ಬಾಗಿಲ ಹೊರಗೆ ಗುನ್ನಿಲ್ಡ್ ಹೋ ಎಂದು ಗೋಳಾಡಿದಳು. "ಅದೇ! ಅದೇ ನನ್ನವ್ವಾ! ಹಂಗೇ ಅತ್ತಿದ್ದು!"

ಇಡೋನಿಯಾ ಕಣ್ಣು ತೆರೆದಾಗ ನೀರು ಧಾರೆಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲು ಹೋಗಲಿಲ್ಲ. ಗಂಡನಿಗೂ ಮಗಳಿಗೂ ಅಪ್ಪನಿಗೂ ಸೇರಿಸಿ ಅತ್ತಳೆಂದು ಕಾಣುತ್ತದೆ, ಬಹಳ ಹೊತ್ತು ನಿಲ್ಲಲಿಲ್ಲ.

ತರ್ಸ್ಟನ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ವಾರಿನ್ ಒಡೆಯನಾದರೆ ಮೊದಲು ಕಣ್ಣು ಬೀಳುವುದು ತಾನು ನಡೆಸುವ ಗಿರಣಿಯ ಮೇಲೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಜೊತೆಗಾರರನ್ನು ಒಬ್ಬೊಬ್ಬರಾಗಿ ನೋಡಿದ. ಒಬ್ಬೊಬ್ಬರೂ ಹೌದೆಂದು ತಲೆಯಾಡಿಸಿದರು.

"ಬುದ್ಧಿ, ಮೊದಲು ಹೇಳಿದ್ದು ಹೊಡೆದುಹಾಕಿ," ಎಂದ. "ನಾವು ಹನ್ನೆರಡು ಜನ ಗಂಡಸ್ರು. ಕೂಸು ಅತ್ತಿದ್ದು ಈಗ ಕೇಳಿದೀವಿ. ಗೋಡೆನೂ ನಾಲ್ಕಿದಾವೆ, ಬೇಕಾದ್ರೆ ನೋಡ್ಕೊಳ್ಳಿ."

ಯಾರೂ ನಗಲಿಲ್ಲ. ಅಧಿಕಾರಿ ಮೂಗು ಒರೆಸಿಕೊಂಡ. ಕೊನೆಗೆ ಬರೆಯುವವನಿಗೆ ಹೇಳಿದ: "ಬರ್ಕೋ. ಸಿಸಿಲಿಗೆ ಒಂದು ಮಗು ಜೀವಂತ ಹುಟ್ಟಿತ್ತು. ನಾಲ್ಕು ಗೋಡೆಯೊಳಗೆ ಅತ್ತದ್ದು ಕೇಳಿದೆ." ಪಾದ್ರಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಯಾರಿಗೂ ಕಾಣದಂತೆ ಗೋಡೆಗೆ ಒರಗಿದರು.

ಇಡೋನಿಯಾ ಸೊಂಟದಿಂದ ಎಲ್ಮರ್ಬಿಯ ಬೀಗದ ಕೈಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ವಾರಿನ್ ಅವನ್ನು ತಕ್ಷಣ ತೆಗೆದುಕೊಳ್ಳಲಿಲ್ಲ, ಅಷ್ಟು ಮಾತ್ರ ಅವನ ಪರವಾಗಿ ಹೇಳಬಹುದು. "ಅತ್ತೆ, ಹಬ್ಬದ ತನಕ ಇರಿ ಬೇಕಾದ್ರೆ," ಎಂದ.

"ಬೇಡ. ತೋಪು ಕಡಿಯೋದನ್ನ ನೋಡೋಕೆ ನನ್ನಿಂದಾಗಲ್ಲ."

ಅದೇ ವಾರ ಅವಳ ಸಾಮಾನು ಗಾಡಿಗೆ ಏರಿತು. ಗಂಡನ ಕಡೆಯ ಊರೊಂದಕ್ಕೆ ಪ್ರಯಾಣ. ರೈತರು ರಸ್ತೆಯ ಎರಡೂ ಬದಿಗೆ ನಿಂತಿದ್ದರು. ಕೆಲವರ ಮುಖದಲ್ಲಿ ದುಃಖವಿತ್ತು, ಕೆಲವರ ಮುಖದಲ್ಲಿ ಸಿಟ್ಟಿತ್ತು. ನಮ್ಮ ಬದುಕಿಗಿಂತ ಸತ್ತ ಕೂಸು ಹೆಚ್ಚಾಯಿತೇ ಎಂಬ ಸಿಟ್ಟು. ಅದು ಅನ್ಯಾಯದ ಸಿಟ್ಟೇನಲ್ಲ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು, ತಲೆ ತಗ್ಗಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಗುನ್ನಿಲ್ಡ್ ಮಾತ್ರ ಓಡಿಬಂದು ಅವಳ ಅಂಗೈಗೆ ಮುತ್ತಿಟ್ಟು ಹೋದಳು.

ಒಡೆಯರು ಊರು ಬಿಡುವಾಗ ಇಗರ್ಜಿಯ ಗಂಟೆ ಹೊಡೆಯುವುದು ಮೊದಲಿನಿಂದ ನಡೆದುಬಂದದ್ದು. ಗಂಟೆಯವನು ಹಗ್ಗ ಹಿಡಿದು ಬಾಗಿಲಲ್ಲಿ ಸನ್ನೆಗೆ ಕಾಯುತ್ತಿದ್ದುದು ಗಾಡಿಯಿಂದ ಕಂಡಿತು. ಇಡೋನಿಯಾ ಗಾಡಿ ನಿಲ್ಲಿಸಿ ಹೇಮೋನನ್ನು ಕರೆದಳು.

"ಗಂಟೆ ಹೊಡೀಬೇಡ ಅಂತ ಹೇಳ್ಬಾ," ಎಂದಳು. "ಕೂಸು ಮಲಗಿದೆ."

ಹೇಮೋ ಅಂಗಳ ದಾಟಿ ಹೋಗಿ ಹೇಳಿ ಬಂದ. ಆಮೇಲೆ ಗಾಡಿ ಹೊರಟಿತು.